ಕಂಬ ನಂಬರ್ ನಲವತ್ತೇಳು

ರಾಜೇಸಾಬ, ಮೊದಲು ಮೀಸೆ ಕತ್ತರಿಸಬೇಡಿ.
ಚೌಕಟ್ಟಿಗೆ ಚೆಂದ ಕೂಡಲೆಂದು ನೀವು ಕೊರೆದು ಎಸೆದ
ಆ ಕೂದಲೆಳೆಯಲ್ಲೇ ಇತ್ತು ಅರ್ಧ ಉತ್ತರ.
ಮೈಗಿಂತ ಉದ್ದವಿದ್ದರೆ ಎಲೆಮಿಡತೆ,
ಗಿಡ್ಡವಿದ್ದರೆ ಹೊಲದ ಬರೀ ಮಿಡಚಿ.

ಗುಳೇದಗುಡ್ಡ, ರಾತ್ರಿ ಹನ್ನೊಂದು ಇಪ್ಪತ್ತು.
ಫ್ಯೂಸು ಕಟ್ಟಿ ಇಳಿಯುವಾಗ
ಕೈಗವಸಿನ ಮೇಲೆ ಬಂದು ಕೂತದ್ದು.
"ಅಕ್ಕಾರ, ಇದು ಎಲೀನೋ ಹುಳಾನೋ?"

ಬಾಗಲಕೋಟೆಯ ನವನಗರದಲ್ಲಿ
ಮೂವತ್ತು ವರ್ಷ ಹುಡುಗರಿಂದ ಜಿರಲೆ ಸೀಳಿಸಿದ ನಾನು
ಕನ್ನಡಕ ಹಣೆಗೇರಿಸಿ
ಎರಡು ಬೆರಳಲ್ಲಿ ಅದನ್ನು ಹಿಗ್ಗಿಸುತ್ತೇನೆ.
ಹಿಗ್ಗಿದಷ್ಟೂ ಹಸಿರು ಚೌಕ ಚೌಕ ಒಡೆಯುತ್ತದೆ.
ರೆಕ್ಕೆಯ ನಡುವೆ ಎಲೆಯದೇ ನರ,
ಅಂಚಿಗೆ ದಾಳಿಂಬೆಯ ಅಂಗಮಾರಿಯಂಥ ಕಂದು ಚುಕ್ಕೆ.
ರೋಗವನ್ನೂ ನಕಲು ಹೊಡೆದಿದೆ, ಕಳ್ಳ.

ಮೊನ್ನೆಯದರಲ್ಲಿ ಬಲ ರೆಕ್ಕೆ ಮೇಲೆ, ಎಡ ಕೆಳಗೆ.
ಹಾಗಿದ್ದರೆ ಇದರ ಕುಲವೇ ಬೇರೆ ಎಂದು
ಎರಡು ದಿನ ಪುಸ್ತಕ ತಿರುವಿ ಹಾಕಿದೆ.
ಆಮೇಲೆ ಕಂಡಿತು, ಹಿಂದೆ ಮಸುಕಾಗಿ ಚಾದಂಗಡಿಯ ಬೋರ್ಡು,
ಅಕ್ಷರವೆಲ್ಲ ಉಲ್ಟಾ.
ಸೆಲ್ಫಿ ಕ್ಯಾಮೆರಾ!
"ಜೋಡಿ ನಾನೂ ಬರ್ಲಿ ಅಂತ ಅನಸ್ತರಿ."

ಬಾಲಕ್ಕೆ ಕುಡಗೋಲಿನ ಬಾಗು ಇದ್ದರೆ ಹೆಣ್ಣು.
ಅವಳು ಕೇಳುವುದು ಮುಂಗಾಲಿನಿಂದ,
ಮೊಣಕಾಲ ಕೆಳಗಿನ ಒಂದು ಸಣ್ಣ ಸೀಳಿನಿಂದ.
ಕಾಲಲ್ಲಿ ಕಿವಿ ಎಂದದ್ದಕ್ಕೆ ನೀವು ನಕ್ಕಿರಿ:
"ಕಂಬಾ ಹತ್ತೋ ನನಗಾ ಕೊಡಬೇಕಿತ್ತರಿ ಅದನ್ನ."

ಇದು ಗಂಡು. ಎರಡು ಹೆಸರುಗಳ ನಡುವೆ ನಿಂತಿದೆ.
ಎರಡಕ್ಕೂ ಅದೇ ಹಸಿರು, ಅದೇ ಮೀಸೆ,
ಬೇರೆಯಾಗುವುದು ಹಾಡಿನಲ್ಲಿ.
ಫೋಟೋ ಹಾಡುವುದಿಲ್ಲ.

ಅದಕ್ಕೇ ಕಳಿಸಿದಿರಿ ನಲವತ್ತು ಸೆಕೆಂಡಿನ ವಿಡಿಯೋ,
ಪೂರಾ ಕತ್ತಲೆಯದು.
ಒತ್ತಿದೆ. ಟ್ರಾನ್ಸ್‌ಫಾರ್ಮರಿನ ಗುಂಯ್,
ಎಲ್ಲೋ ನಾಯಿ, ನಿಮ್ಮ ಏದುಸಿರು.
ಮತ್ತೆ ಒತ್ತಿದೆ. ಅಷ್ಟೇ.
ಹುಳ ಸುಮ್ಮನಿದೆ ಎಂದು ಬರೆಯಹೊರಟಾಗ
ಹಾಲು ಕೊಡಲು ಬಂದ ಕೆಳಮನೆಯ ನೀಲಾಂಬಿಕಾ
ಎರಡೂ ಕಿವಿ ಮುಚ್ಚಿಕೊಂಡಳು:
"ಯವ್ವಾ, ಎಷ್ಟ್ ಚೀರತೈತ್ರಿ ಅದು!"

ಯಾವ ವರ್ಷ ಬಿಟ್ಟುಹೋಯಿತು ನನ್ನನ್ನು
ಆ ಎತ್ತರದ ದನಿ?
ಹೇಳಿ ಹೋಗಲಿಲ್ಲ.
ಈಚೀಚೆಗೆ ರಾತ್ರಿಗಳು ಶಾಂತವಾಗಿವೆ,
ನಮ್ಮ ಸೆಕ್ಟರು ಸುಧಾರಿಸಿದೆ ಎಂದುಕೊಂಡಿದ್ದೆ.

ಹುಡುಗಿಯನ್ನು ಕೂರಿಸಿಕೊಂಡು ಕೇಳಿದೆ,
ಬಿಟ್ಟು ಬಿಟ್ಟು ಬರತೈತೋ, ಒಂದೇ ಸವನೋ?
ಹಲ್ಲು ಕಚ್ಚಿ ಝಿಟ್ ಝಿಟ್ ಅಂದಳು,
ಎಣಿಸಿದಳು, ತಪ್ಪಿದಳು, ಹಾಲು ಆರಿತು.
ಅಷ್ಟರಲ್ಲಿ ನಿಮ್ಮ ಸಾಲು:
"ನಮ್ಮಪ್ಪ ಗಾದಿಗೆ ಅರಳಿ ಹಿಂಜತಿದ್ನಲ್ರಿ,
ಆ ಬಿಲ್ಲಿನ ತಂತಿ ಹಂಗ.
ಮೂರು ಪೆಟ್ಟು, ಒಂದು ಉಸುರು."

ಮೂರು ಪೆಟ್ಟು, ಒಂದು ಉಸುರು.
ನನ್ನ ಯಾವ ಕೈಪಿಡಿಯಲ್ಲೂ ಈ ಅಳತೆ ಇಲ್ಲ.
ವಹಿಯಲ್ಲಿ ಬರೆದುಕೊಂಡೆ, ಹೆಸರಿನ ಜಾಗ ಖಾಲಿ ಬಿಟ್ಟು:
ಕಂಬ ನಂಬರ್ ನಲವತ್ತೇಳು.
ಕೇಳಿದವರು ರಾಜೇಸಾಬ ನದಾಫ, ನೀಲಾಂಬಿಕಾ.
ನೋಡಿದವಳು ನಾನು.

ಇನ್ನೊಮ್ಮೆ ಸಿಕ್ಕರೆ
ಹೊಟ್ಟೆಯ ಕೆಳಗಿನಿಂದ ಒಂದು ತೆಗೆಯಿರಿ.
ಫ್ಲ್ಯಾಷ್ ಬೇಡ, ಹೊಳಪಿಗೆ ಬಾಲದ ತುದಿ ಅಳಿಸಿಹೋಗುತ್ತದೆ.
ಸಪ್ಲೈ ಬಂದ್ ಆಗಿದೆಯೋ ಇಲ್ಲವೋ, ಅದನ್ನು ಮೊದಲು ನೋಡಿ.
ಮೀಸೆ ಪೂರ್ತಿ ಇರಲಿ.