ನೋವಿನ ಕಾಲಂ

ಪುಣೆಯಲ್ಲಿ ಒಂಬತ್ತು ವರ್ಷ ಐಸಿಯುನಲ್ಲಿದ್ದೆ ಎಂದರೆ
ಇಲ್ಲಿಯವರು ಗಾಬರಿಯಾಗುತ್ತಾರೆ:
‘ಯವ್ವಾ, ಅಂಥಾದ್ದೇನಾಗಿತ್ತ ನಿನಗ?’
ನರ್ಸ್ ಆಗಿದ್ದೆ ಎನ್ನುತ್ತೇನೆ.
‘ಹಂಗಂದ್ರ ಕುಂತು ಉಂಡಿಲ್ಲ ಬಿಡು.’

ಕುಡಚಡೆಯ ಸರಕಾರಿ ದವಾಖಾನೆ, ಕೋಣೆ ನಂಬರ್ ಮೂರು.
ಗೋಡೆಗೆ ಈಗ ಹಸಿರು ಬಣ್ಣ,
ಬಾಗಿಲ ಸಂದಿಯಲ್ಲಿ ಉಗುರಿನಿಂದ ಕೆರೆದರೆ ಹಳೆಯ ನೀಲಿ.
ಸೆಬಾಸ್ತಿಯಾಂವ್ ಇನ್ನೂ ಇದ್ದಾನೆ, ರಿಟೈರಿಗೆ ಏಳು ತಿಂಗಳು,
ಚೀಟಿ ಹರಿಯುವಾಗ ಕೈ ನಡುಗುತ್ತದೆ.
ನನ್ನ ಗುರುತು ಅವನಿಗೆ ಹತ್ತಲಿಲ್ಲ.
ಎದೆಯ ಮೇಲಿನ ಪಟ್ಟಿಯಲ್ಲಿ ಎಫ್. ಹಡಪದ ಅಂತಿದೆ,
ಎಫ್ ಅಂದರೆ ಫ್ಲೋರಿನಾ ಅಂದುಕೊಂಡಿದ್ದಾನೆ.
ಫಕೀರವ್ವ ಅಂತ ನಾನೂ ಹೇಳಿಲ್ಲ.

ರಿಜಿಸ್ಟರಿನಲ್ಲಿ ನೋವಿಗೆ ಒಂದೇ ಕಾಲಂ, ಹೆಬ್ಬೆರಳಿನಗಲ.
ಸಣ್ಣದು, ನಡುವಿನದು, ಜಾಸ್ತಿ—
ಒಂದಕ್ಕೆ ಗುರುತು ಹಾಕಬೇಕು.
ಹಳಿಯಾಚೆಯ ದಿಬ್ಬದಿಂದ ಬರುವವರು,
ರೋಣದವರು, ಕುಷ್ಟಗಿಯವರು,
ಕಲ್ಲು ಹೊತ್ತವರು, ಸೆಂಟ್ರಿಂಗ್ ಬಡಿದವರು,
ತರುವುದು ಬೇರೆಯೇ:
ಬೆನ್ನಾಗ ಚಳಕು. ಕಾಲು ಜೋಮು.
ಮೀನಖಂಡ ಸೆಳಿತಾವು.
ಕಣ್ಣಾಗ ಉಸುಕು ಆಡಿದಂಗ, ಹೊಟ್ಟ್ಯಾಗ ಕಲಮಲ,
ಮತ್ತು ಎಲ್ಲ ಮುಗಿದ ಮೇಲೆ, ಇಳಿದ ದನಿಯಲ್ಲಿ,
ಜೀವಕ್ಕ ಸಮಾಧಾನಿಲ್ಲ.
ಇದಕ್ಕೆ ಎಲ್ಲಿ ಗುರುತು ಹಾಕಲಿ?

ಎಂಟು ವರ್ಷದವಳಿದ್ದೆ. ಇದೇ ಕೋಣೆ, ನೀಲಿ ಗೋಡೆ.
ಅವ್ವ ಅಂದಳು: ‘ಹೇಳ, ಜೀವ ಹಾರತೈತಿ ಅಂತ ಹೇಳ,
ರಾತ್ರಿ ಮಲಗಿದ್ರ ಎದಿ ಮ್ಯಾಲ ಯಾರೋ ಕುಂತಂಗ ಅಂತ ಹೇಳ.’
ಡಾಕ್ಟರು ಪೆನ್ನು ಹಿಡಿದು ನನ್ನನ್ನೇ ನೋಡಿದರು.
ನನಗೆ ಬರುತ್ತಿದ್ದ ಕೊಂಕಣಿ
ಅಂಗಡಿಯದು, ನಲ್ಲಿಯ ಜಗಳದ್ದು,
ಬಾಡಿಗೆ ನಾಳೆ ಕೊಡುತ್ತೇವೆ ಅಂತ
ರೆಮೆದಿನ್ ಬಾಯಿಗೆ ಹೇಳುವಷ್ಟು.
ಹಾರುವುದಕ್ಕೆ ಶಬ್ದವಿತ್ತು, ಜೀವಕ್ಕೂ ಇತ್ತೇನೋ,
ಎರಡನ್ನೂ ಕೂಡಿಸಲು ಬಾರದೆ
‘ಪೊಟಾಂತ್ ದುಖ್ತಾ’ ಅಂದೆ.
ಗುಲಾಬಿ ಬಣ್ಣದ ಔಷಧ ಕೊಟ್ಟರು.
ಬಾಟಲಿ ನಾವೇ ತಂದಿದ್ದೆವು.

ಅವ್ವ ಮತ್ತೆ ಹನ್ನೊಂದು ವರ್ಷ ಇದ್ದಳು.
ಆ ಗುಲಾಬಿ ಔಷಧ ಭಾಳ ಚಲೋ ಇತ್ತು,
ಈಗ ಯಾರೂ ಅದನ್ನ ಕೊಡೂದಿಲ್ಲ ಅನ್ನುತ್ತಲೇ ಇದ್ದಳು.
ನಾನು ಹೇಳಲೇ ಇಲ್ಲ.

ಇವತ್ತು ಸೋಮವಾರ, ಪಾಳಿ ಗೇಟಿನವರೆಗೆ.
ಮುದುಕಿಯೊಬ್ಬಳನ್ನು ಎಳೆದುಕೊಂಡು ಹುಡುಗ ಬಂದ,
ಶಾಲೆಯ ಚಡ್ಡಿ, ಕಂಕುಳಲ್ಲಿ ಎಕ್ಸ್‌ರೇ ಲಕೋಟೆ.
ಆಕೆ ಅವನ ಕಿವಿಯಲ್ಲಿ ಬಹಳ ಹೊತ್ತು ಏನೋ ಅಂದಳು.
ಅವನು ಗಂಟಲು ಸರಿಮಾಡಿಕೊಂಡು,
ವಕೀಲನ ಹಾಗೆ ಒಂದು ಹೆಜ್ಜೆ ಮುಂದೆ ಬಂದು,
‘ಪೊಟಾಂತ್ ದುಖ್ತಾ.’

ತಪ್ಪು ಅನ್ನಲಿಲ್ಲ.
ಬರೆದುಕೊಂಡಂತೆ ಮಾಡಿ ಪೆನ್ನು ಕೆಳಗಿಟ್ಟೆ.
ಸ್ಟೂಲು ಮುದುಕಿಯ ಕಡೆ ಎಳೆದುಕೊಂಡು
‘ಇನ್ನ ನೀ ಹೇಳಬೇ ಆಯಿ’ ಅಂದೆ.

ಅವಳು ನೋವು ಹೇಳಲಿಲ್ಲ.
ಯಾವೂರು ಅಂದಳು. ಯಾರ ಪೈಕಿ ಅಂದಳು.
ಸ್ಟೇಷನ್ನಿನ ಮುಂದ ಕನ್ನಡಿ ತೂಗಹಾಕಿ ಕುಂದರತಿದ್ನಲ್ಲ,
ಅವನ ಮಗಳೇನು?
ನನ್ನ ಗಂಡನ ಗಡ್ಡದ ರೊಕ್ಕ ಇನ್ನೂ ಕೊಡೂದೈತಿ ನೋಡು.
ಆಮೇಲೆ ಸೊಸೆಯ ಸುದ್ದಿ, ಹರಿದ ತಾಡಪತ್ರಿ,
ಯಾರೋ ಕದ್ದ ಕೋಳಿ.
ಹೊರಗೆ ಪಾಳಿ ಗೊಣಗಿತು.
ಡಾಕ್ಟರ್ ಬೋರ್ಕರ್ ಎರಡು ಸಲ ಇಣುಕಿ ಗಡಿಯಾರ ನೋಡಿದರು.
ಕಡೆಗೆ, ಎದ್ದು ನಿಂತಮೇಲೆ,
ಸೆರಗು ಸರಿಸಿ ಎಡ ಭುಜದ ಕೆಳಗೆ ಬೆರಳಿಟ್ಟು
‘ಇಲ್ಲಿ’ ಅಂದಳು. ‘ಕಲ್ಲ ಹೇರಿದಂಗ.
ಮೂರು ದಿನಾತು.’

ಇಸಿಜಿಯ ತಂತಿ ಬಿಡಿಸತೊಡಗಿದೆ.
ಹುಡುಗನಿಗೆ ಕೆಲಸ ಇಲ್ಲದಂತಾಯಿತು.
ಮೊದಲು ಸಿಟ್ಟಾಗಿ ಲಕೋಟೆ ಕೊಡಲಿಲ್ಲ.
ಆಮೇಲೆ ತೂಕದ ಯಂತ್ರ ಹತ್ತಿ ಕುಣಿದ,
ಮುಳ್ಳು ಇಪ್ಪತ್ತಕ್ಕೂ ಅರವತ್ತಕ್ಕೂ ಓಡಾಡಿತು.
‘ದೆಂವ್ ಸಕಯ್ಲ!’ ಸೆಬಾಸ್ತಿಯಾಂವ್ ಒದರಿದ.
ಇರಲಿ ಬಿಡು ಅಂದೆ,
ಅವನಿಗೆ ಕೊಂಕಣಿಯಲ್ಲಿ,
ಹುಡುಗನಿಗೆ ಕನ್ನಡದಲ್ಲಿ.