ಬಾರದ ಕಳ್ಳನ ಲೆಕ್ಕ

ಮಡಿಕೇರಿಯಿಂದ ಬಂದ ನಮೂನೆಯಲ್ಲಿ ಹನ್ನೊಂದು ಅಂಕಣ.
ಒಂಬತ್ತನೆಯದರ ತಲೆಬರಹ:
'ಯೋಜನೆಯಿಂದ ತಪ್ಪಿದ ಅಪರಾಧಗಳ ಸಂಖ್ಯೆ.'
ಆದದ್ದನ್ನು ಎಣಿಸಿ ನನಗೆ ಇಪ್ಪತ್ತಾರು ವರ್ಷದ ಅಭ್ಯಾಸ:
ಆದ ಮೋರಿ, ಆದ ಬಾವಿ,
ಆಗದೆಯೇ ಬಿಲ್ಲಾದ ರಸ್ತೆ ಕೂಡ.
ಆಗದ ಕಳ್ಳತನಕ್ಕೆ ವೋಚರ್ ಯಾರು ಕೊಡುತ್ತಾರೆ?

ಸಿದ್ದಾಪುರದಾಚೆ, ಲೈನ್‌ಮನೆಗಳ ಕೊನೆಗೆ,
ಹಳೆಯ ಪಲ್ಪರ್ ಶೆಡ್ಡಿಗೆ ಸುಣ್ಣ ಬಳಿದು
ಸಂಜೆಕೋಣೆ ಮಾಡಿದ್ದಾರೆ.
ಕೇರಂ ಹಲಗೆ ಎರಡು, ವಾಲಿಬಾಲ್ ನೆಟ್ ಒಂದು,
ಹೊಲಿಗೆ ಬಿಟ್ಟ ಚೆಂಡು ಮೂರು,
ಸೌರದೀಪ ಎರಡು, ಉರಿಯುವುದು ಒಂದು,
ಸುಹರಾ ಟೀಚರಿಗೆ ತಿಂಗಳಿಗೆ ಎಂಟು ಸಾವಿರ.
ಎರಡು ವರ್ಷಕ್ಕೆ ಮೂರು ಲಕ್ಷ ಎಪ್ಪತ್ತೆಂಟು ಸಾವಿರ,
ಕಣದಿಂದ ಕಾಫಿ ಹೋಗದಿರಲೆಂದು
ಹೋಗಬಹುದಾದ ಹುಡುಗರನ್ನು
ಕತ್ತಲಾಗುವ ಹೊತ್ತಿಗೆ ಕೂರಿಸಿಕೊಳ್ಳಲು.

ಚೆರಿ ಮೂಟೆಗೆ ಒಂಬತ್ತು ಸಾವಿರ ಹಿಡಿದೆ.
ನಲವತ್ತೆರಡು ಮೂಟೆ ಉಳಿದರೆ ಅಸಲು ಬಂತು.
ದಫೇದಾರ್ ಕುಟ್ಟಯ್ಯ ಠಾಣೆಯ ಪುಸ್ತಕ ತಂದಿಟ್ಟರು:
ಮುಂಚಿನೆರಡು ವರ್ಷ ಮೂವತ್ತೊಂದು, ಈಗ ಹತ್ತೊಂಬತ್ತು.
"ಹನ್ನೆರಡು ಇಳಿಯಿತಲ್ಲ ಸಾರ್" ಎಂದರು, ಮೀಸೆಯೊಳಗೇ.
ಇಳಿಯಿತು. ಆ ವರ್ಷ ದರವೂ ಇಳಿದಿತ್ತು.
ಕಳ್ಳನೂ ಪೇಪರಿನಲ್ಲಿ ಮೊದಲು ನೋಡುವುದು
ಗೋಣಿಕೊಪ್ಪದ ಧಾರಣೆಯನ್ನೇ.
ಸಾಲದ್ದಕ್ಕೆ ದೊಡ್ಡ ತೋಟದವರು ಕ್ಯಾಮೆರಾ ಹಾಕಿಸಿದರು.
ಸಾಲದ್ದಕ್ಕೆ ಒಂಟಿಸಲಗವೊಂದು ಹದಿನೇಳು ರಾತ್ರಿ
ಕಣದ ಸುತ್ತ ಓಡಾಡಿಕೊಂಡಿತ್ತು,
ಮನುಷ್ಯ ಜಾತಿ ಸುಳಿಯಲಿಲ್ಲ.
ಅದರ ಗೌರವಧನ ಯಾವ ಅಂಕಣಕ್ಕೆ?

ಹೋಲಿಕೆಗೊಂದು ಊರು ಬೇಕು.
ಇದೇ ಮಳೆ, ಇದೇ ದರ, ಇದೇ ಆನೆ, ಇದೇ ಕುಡಿತ,
ಕೋಣೆ ಮಾತ್ರ ಇರಬಾರದು.
ಕಾವೇರಿಯಾಚೆ ಸಿಕ್ಕಿತು ಅಂಥದೊಂದು.
ಅಲ್ಲಿ ಆರು ಮೂಟೆ ಹೆಚ್ಚಿಗೆ ಹೋಗಿದೆ.
ಕೋಣೆ ಇಲ್ಲದ್ದಕ್ಕೆ ಹೋಯಿತೇ,
ಇಲ್ಲಿಯ ಕಳ್ಳನೇ ಸೇತುವೆ ದಾಟಿದನೇ?
ಹನ್ನೆರಡಕ್ಕೆ ಆರು ಕೂಡಿಸಲೇ, ಕಳೆಯಲೇ?
ಪೆನ್ಸಿಲ್ ಕಚ್ಚಿಕೊಂಡು ಸೇತುವೆ ಮೇಲೆ ನಿಂತೆ.
ಹೊಳೆ ಎರಡೂ ದಡಕ್ಕೆ ತಾಗಿಕೊಂಡು
ಯಾವ ಕಡೆಗೂ ಸಹಿ ಹಾಕದೆ ಹೋಗುತ್ತಿತ್ತು.

ಸಂಜೆ ಕೋಣೆಗೆ ಹೋದಾಗ
ನನ್ನ ಚೀಲ ನೋಡಿ ಆಟ ನಿಂತಿತು.
ಸ್ಟ್ರೈಕರ್ ಉಜ್ಜುತ್ತ ಸುಬೀಶ ತಾನಾಗಿ ಹೇಳಿದ, ಹದಿನೇಳರವನು:
"ಪುತ್ತರಿ ಆದ ವಾರ ನಾನು ಹೋಗುವವನಿದ್ದೆ ಸಾರ್.
ಗೋಣಿ ಮಡಚಿಟ್ಟಿದ್ದೆ. ಹೋಗಲಿಲ್ಲ."
ಟೀಚರ ಮುಖ ಅರಳಿತು. ನಾನು ಹಾಳೆ ತಿರುವಿದೆ.
"ಹಲ್ಲುನೋವು ಬಂದಿತ್ತು."
ಎಲ್ಲರೂ ನಕ್ಕರು. ಟೀಚರೂ, ಸ್ವಲ್ಪ ತಡವಾಗಿ.
"ಆಮೇಲೆ?"
"ಆಮೇಲೆ ಆ ಗೋಣಿಯನ್ನ ತಂಗಿ ಬಾಗಿಲಿಗೆ ಹಾಸಿದಳು.
ಈಗ ಅದರ ಮೇಲೆ ನಾಯಿ ಮಲಗುತ್ತದೆ."

ಇವನ ಅಣ್ಣ ಹೋಗಿದ್ದನಂತೆ, ಒಂದೇ ಸಲ, ಒಂದೇ ಮೂಟೆಗೆ.
ತಾಯಿ ವಿರಾಜಪೇಟೆ ಕೋರ್ಟಿಗೆ
ಇಪ್ಪತ್ತೆರಡು ವಾಯಿದೆ ತಿರುಗಿದಳು.
ಇಪ್ಪತ್ತೆರಡು ದಿನದ ಕೂಲಿ, ಬಸ್ಸು, ವಕೀಲರು,
ಕಟಕಟೆಯ ಆಚೆಯಿಂದ ಮಗನಿಗೆ ತೋರಿಸಿ
ವಾಪಸು ತಂದ ಬಿಸ್ಕೆಟ್ಟು.
ಒಂದು ಮೂಟೆಯ ಬೆನ್ನಿಗೆ ನಾಲ್ಕು ಮೂಟೆ ಹೋಗಿದೆ;
ಅದು ತೋಟದವರ ನಷ್ಟದಲ್ಲಿಲ್ಲ,
ಕುಟ್ಟಯ್ಯನವರ ಪುಸ್ತಕದಲ್ಲೂ ಇಲ್ಲ.

ರಾತ್ರಿ ಐ.ಬಿ.ಯಲ್ಲಿ ಒಂಬತ್ತನೆಯ ಅಂಕಣಕ್ಕೆ
ಹನ್ನೆರಡು ಬರೆದೆ, ಅಳಿಸಿದೆ.
ಹದಿನೆಂಟು. ಅಳಿಸಿದೆ. ಆರು.
ಕಾಗದ ಅಲ್ಲಿಷ್ಟು ತೆಳ್ಳಗಾಗಿ
ದೀಪ ಹಾಯತೊಡಗಿತು.
ಕೊನೆಗೆ ಷರಾ: ಲಾಭವೆಂದು ಸಿದ್ಧಪಟ್ಟಿಲ್ಲ,
ದಂಡವೆಂದೂ ಇಲ್ಲ. ಇನ್ನೆರಡು ವರ್ಷ ನಡೆಸಿ ನೋಡುವುದು.
ಕೆಟ್ಟ ದೀಪ ಬದಲಿಸುವುದು.
ಹೋಲಿಕೆ ಕೆಡದಿರಲು ಅಲ್ಲಿಯವರೆಗೆ
ಹೊಳೆಯಾಚೆ ಕೋಣೆ ತೆರೆಯಬಾರದು
ಎಂದೂ ಬರೆಯಬೇಕಿತ್ತು, ಲೆಕ್ಕದ ಧರ್ಮ ಅದು.
ಕೈ ಬರಲಿಲ್ಲ.

ಬೆಳಿಗ್ಗೆ ಬಸ್ಸು ಸೇತುವೆ ದಾಟುವಾಗ
ಆಚೆ ಊರಿನ ಹುಡುಗರು ಮೋರಿಕಟ್ಟೆ ಮೇಲೆ ಕೂತಿದ್ದರು,
ಏನೂ ಮಾಡದೆ.
ಅಭ್ಯಾಸಬಲ, ಎಣಿಸಿದೆ.
ಏಳು ಜನ.