ಕ್ರೇನ್ ನಿಂತ ದಿನ

ಬೋರಾ ಬೀಸಿದರೆ ಬಂದರಿನಲ್ಲಿ ಏನನ್ನೂ ಎತ್ತುವಂತಿಲ್ಲ.
ಟ್ರಿಯೆಸ್ಟೆಯ ಗಾಳಿ ಅದು, ಬೆಟ್ಟದಿಂದ ಜಾರಿ ಬಂದು
ದಾರಿಹೋಕರು ಕಂಬ ತಬ್ಬುವಂತೆ ಮಾಡುವ ಗಾಳಿ.
ರಜೆ ಅಂದರು. ಮನೆಯಲ್ಲಿದ್ದೇನೆ.
ಕಿಟಕಿಗಳೆಲ್ಲ ಭದ್ರ ಮುಚ್ಚಿವೆ,
ಆದರೂ ಅಡುಗೆಮನೆಯ ಮೇಜಿನ ಮೇಲೆ
ಬೋರಾ ಒಳಹೊಕ್ಕು ಹೋದಂತೆ ಕಾಗದ.

ಐವತ್ತು ಮೀಟರ್ ಎತ್ತರದ ಗಾಜಿನ ಗೂಡಿನಲ್ಲಿ ಕೂತು
ಗಂಟೆಗೆ ಇಪ್ಪತ್ತೈದು ಕಂಟೇನರ್ ಇಳಿಸುವವಳು, ನೀವೆಸ್ ಕೊಸ್ಸುತ್ತಾ, ನಾನೇ.
ಹನ್ನೊಂದು ಅಕ್ಷರ-ಅಂಕಿಯ ಗುರುತು, ಒಂದೊಂದಕ್ಕೂ ಒಂದು ಜಾಗ,
ಹದಿನೆಂಟು ವರ್ಷದಲ್ಲಿ ಒಂದೂ ತಪ್ಪಿ ಕೂತಿಲ್ಲ.
ಕೆಳಗಿಳಿದು ಮನೆಗೆ ಬಂದರೆ
ನೀರಿನ ಬಿಲ್ಲು ಸಿಕ್ಕಿದ್ದು ಫ್ರೀಜರಿನಲ್ಲಿ, ಬಟಾಣಿಯ ಹಿಂದೆ,
ಅಪ್ಪಳದ ಹಾಗೆ ಸೆಟೆದು.
ಫ್ರೀಜರಿನಲ್ಲಿದ್ದೂ ತಾರೀಖು ಹಳಸಿತ್ತು.

ನಲವತ್ತೇಳಕ್ಕೆ ಡಾಕ್ಟರು ಇದಕ್ಕೊಂದು ಹೆಸರು ಕೊಟ್ಟರು: ಎಡಿಎಚ್‌ಡಿ.
ಹೆಸರು ಬರೆದ ಆ ಚೀಟಿಯನ್ನೂ ಕಳೆದೆ.
ನಗಬೇಡಿ.
ಸರಿ, ನಗಿ.

ಸೋಮಾರಿತನ ಅಲ್ಲ ಇದು, ಕೇಳಿ:
ಗ್ಯಾಸಿನ ಲಕೋಟೆ ಒಡೆಯಲು ಕತ್ತರಿ ಬೇಕು,
ಕತ್ತರಿ ಹುಡುಕಿದರೆ ಪಕ್ಕದಲ್ಲೇ ಸೂಜಿದಾರ,
ಸೂಜಿದಾರ ಕಂಡರೆ ಕೋಟಿನ ಗುಂಡಿಯ ನೆನಪು,
ಗುಂಡಿ ಹೊಲಿಯುವಾಗ ಕಿಸೆಯಲ್ಲೊಂದು ಹಳೆಯ ದೋಣಿಯ ಟಿಕೇಟು,
ಆ ದೋಣಿ ಈಗಲೂ ಓಡುತ್ತದೆಯೇ?
ಕತ್ತಲಾಗುವಷ್ಟರಲ್ಲಿ ದೋಣಿಯ ವೇಳಾಪಟ್ಟಿ ಬಾಯಿಪಾಠ.
ಲಕೋಟೆ ಹಾಗೇ.
ಇಲ್ಲವೆಂದರೆ ಓದಿ, ಸಹಿ ಹಾಕಿ, ಅಂಟಿಸಿ,
ಆನೆ ಪೂರ್ತಿ ದಾಟಿ ಬಾಲ ಸಿಕ್ಕಿಕೊಂಡ ಹಾಗೆ
ಸ್ಟಾಂಪು ಹಚ್ಚುವುದೊಂದು ಬಾಕಿ. ಎಂಟು ತಿಂಗಳಿಂದ.

ಕಪಾಟು ತಂದಿದ್ದೆ. ಆರು ಬಣ್ಣದ ಫೈಲು ತಂದಿದ್ದೆ.
ಒಳಗಿಟ್ಟದ್ದೆಲ್ಲ ಬಾವಿಗೆ ಬಿದ್ದ ಕೊಡ.
ಕಣ್ಣಿಗೆ ಕಾಣದ್ದು ನನ್ನ ಪಾಲಿಗೆ ಹುಟ್ಟಿಯೇ ಇಲ್ಲ.

ಇವತ್ತು ಮೇಲ್ಮಹಡಿಯ ದುಯಿಲಿಯೊ ಬಂದರು,
ನಿವೃತ್ತ ಅಂಚೆಯವರು, ಒಣ ಬೀನ್ಸ್ ಕಾಯಿಯ ಬುಟ್ಟಿ ಹಿಡಿದು.
ಮೂವತ್ತು ವರ್ಷ ಇವನ್ನೆಲ್ಲ ಈ ಬೀದಿಗೆ ತಂದು ಸುರಿದವನೇ ನಾನು,
ಪಾಪ ಕಳೆಯಬೇಕಲ್ಲ, ಅಂದರು.
ಸಹಾಯ ಅಂತ ಏನೂ ಮಾಡಲಿಲ್ಲ.
ಎದುರು ಕೂತು ಕಾಳು ಬಿಡಿಸಿದರು, ಅಷ್ಟೇ.
ಟಕ್. ಬೋಗುಣಿಗೊಂದು ಕಾಳು. ಟಕ್.
ಯಾರಾದರೂ ಎದುರಿಗಿದ್ದರೆ ನನ್ನ ತಲೆಯೂ ಕುರ್ಚಿ ಬಿಟ್ಟು ಏಳುವುದಿಲ್ಲ,
ಯಾಕೋ ಗೊತ್ತಿಲ್ಲ.

ಮಧ್ಯಾಹ್ನ ಒಲೆಯಿಂದ ಬಾಗಿಲ ತನಕ ಹಗ್ಗ ಕಟ್ಟಿದೆ.
ಬಟ್ಟೆಯ ಕ್ಲಿಪ್ಪುಗಳು: ಕೆಂಪಿಗೆ ಈ ವಾರ ಕಟ್ಟುವಂಥವು,
ಮರದ್ದಕ್ಕೆ ಮಿಕ್ಕವೆಲ್ಲ. ಎರಡೇ ಜಾತಿ.
ಮೂರನೆಯದು ಮಾಡಲು ಹೋದರೆ
ಮತ್ತೆ ಗುಂಡಿ ಹೊಲಿಯುತ್ತ ಕೂತಿರುತ್ತೇನೆ.
ವಿದ್ಯುತ್ತು, ಕಸದ ತೆರಿಗೆ, ಲಿಫ್ಟ್ ರಿಪೇರಿಯ ಪಾಲು
ಒಗೆದ ಅಂಗಿಗಳಂತೆ ಸಾಲಾಗಿ ನೇತುಬಿದ್ದವು.
ಕಾಫಿ ಕಾಸಲು ತಲೆ ತಗ್ಗಿಸಿ ಹೋಗಬೇಕು ಈಗ.
ಬಂದವರಿಗೆಲ್ಲ ನನ್ನ ಬಾಕಿ ಕಾಣುತ್ತದೆ.
ಕಾಣಲಿ. ನನಗೂ ಕಾಣುತ್ತದೆ.

ನಡುವೆ ಒಂದು ಹಳದಿ ಹಾಳೆ, ನಾಲ್ಕನೆಯ ತರಗತಿಯ ವರದಿ:
“ಬುದ್ಧಿಯಿದೆ. ಬಳಸುವ ಮನಸ್ಸಿಲ್ಲ. ಸದಾ ಕಿಟಕಿಯಾಚೆ ನೋಟ.”
ಕೆಳಗೆ ಅಮ್ಮನ ಸಹಿ, ಪೆನ್ನು ಒತ್ತಿದಲ್ಲಿ ಹಾಳೆ ತೂತು.
ಇದು ಯಾವ ಕ್ಲಿಪ್ಪಿಗೆ? ಕೇಳಿದೆ.
ದುಯಿಲಿಯೊ ಕನ್ನಡಕ ಏರಿಸಿ ಎರಡು ಸಲ ಓದಿದರು.
ಕಿಟಕಿಯಾಚೆ ಏನಿತ್ತು?
ಕ್ರೇನುಗಳು, ಅಂದೆ.
ಟಕ್.

ಇನ್ನೂ ಹದಿನಾಲ್ಕು ಲಕೋಟೆ ಉಳಿದಿವೆ.
ಗಾಳಿ ನಾಳೆಯೂ ಇದೆಯಂತೆ.
ಬೀನ್ಸ್ ನೆನೆಹಾಕು, ಮರೆಯಬೇಡ, ಎಂದು ಅವರು ಮೆಟ್ಟಿಲು ಹತ್ತಿದರು.
ಅದನ್ನೂ ಒಂದು ಚೀಟಿಯಲ್ಲಿ ಬರೆದು ಕೆಂಪು ಕ್ಲಿಪ್ಪಿಗೆ ಸಿಕ್ಕಿಸಿದೆ.
ಆ ಹಳದಿ ಹಾಳೆ ಹಗ್ಗದ ಮೇಲಿಲ್ಲ.
ಎಲ್ಲಿಟ್ಟೆನೋ.
ಅದೊಂದನ್ನು ಹುಡುಕುವುದಿಲ್ಲ.